ಕಾರಹುಣ್ಣಿಮೆಯಿಂದ ಶೀಗಿಹುಣ್ಣಿಮೆವರೆಗೆ: ಫೈಬರ್ ದೋಣಿಯನ್ನು ಬಯಲಿನಲ್ಲಿ ಇಡುವ ಬಗೆ

ಕಾರಹುಣ್ಣಿಮೆ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ದನಿಯಲ್ಲಿ ಬರುತ್ತದೆ. "ಅಣ್ಣಾರ, ಹೊಳಿ ತುಂಬಾಕ ಹತ್ತೇತ್ರಿ. ದೋಣಿ ಮ್ಯಾಲ ತಂದು ಹೊಲದಾಗ ಇಡಬೇಕಂತ ಮಾಡೇನಿ. ತಾಡಪತ್ರಿ ಹೊಚ್ಚಿದ್ರ ಸಾಕಲ್ರಿ?"

ಸಾಲದು. ಹಾವೇರಿಯಲ್ಲಿ ಫೈಬರ್ ಕೆಲಸ ಮಾಡುವ ನನ್ನ ಹತ್ತಿರ ದಸರಾ ಮುಗಿದ ಮೇಲೆ ರಿಪೇರಿಗೆ ಬರುವ ದೋಣಿಗಳಲ್ಲಿ ಹೆಚ್ಚಿನವು ನೀರಿನಲ್ಲಿ ಕೆಟ್ಟವಲ್ಲ. ನಾಲ್ಕು ತಿಂಗಳು ದಡದ ಮೇಲೆ ಸುಮ್ಮನೆ ಕೂತಲ್ಲೇ ಕೆಟ್ಟವು. ಒಳಗೆ ನೀರು ನಿಂತು, ಕೆಳಗಿನ ಕಲ್ಲು ಒತ್ತಿ, ಮೇಲಿನ ತಾಡಪತ್ರಿ ಗಾಳಿಗೆ ತಿಕ್ಕಿ ಕೆಟ್ಟವು. ಮೂರನ್ನೂ ಒಂದೇ ದಿನದ ದುಡಿಮೆಯಲ್ಲಿ ತಪ್ಪಿಸಬಹುದು. ತುಂಗಭದ್ರಾ, ವರದಾ, ಮಲಪ್ರಭಾ ದಡದವರು, ಕೆರೆ ಗುತ್ತಿಗೆ ಹಿಡಿದವರು ಎಲ್ಲರಿಗೂ ಅನುಕೂಲವಾಗಲೆಂದು ಇದನ್ನು ಬರೆದಿದ್ದೇನೆ. ಇಲ್ಲಿ ಹೇಳುವ ಅಳತೆಗಳೆಲ್ಲ 14 ಅಡಿ ಉದ್ದ, 4.5 ಅಡಿ ಅಗಲದ ಸಾಧಾರಣ ಫೈಬರ್ ದೋಣಿಯವು. ನಿಮ್ಮದು ಚಿಕ್ಕದಿದ್ದರೆ ಅದಕ್ಕೆ ತಕ್ಕಂತೆ ಕಡಿಮೆ ಮಾಡಿಕೊಳ್ಳಿ.

ಮೊದಲು ಒಂದು ಮಾತು. ಯೂಟ್ಯೂಬಿನಲ್ಲಿ ಸಿಗುವ ವಿಡಿಯೊಗಳು ಬಹುಪಾಲು ಹಿಮ ಬೀಳುವ ದೇಶಗಳವು. ಅಲ್ಲಿ ಚಳಿಗಾಲಕ್ಕೆ ಕೆರೆಯೇ ಹೆಪ್ಪುಗಟ್ಟುತ್ತದೆ. ಎಂಜಿನ್ನಿನಲ್ಲಿ ಉಳಿದ ನೀರು ಗಡ್ಡೆಯಾಗಿ ಹಿಗ್ಗಿ ಲೋಹವನ್ನೇ ಸೀಳುತ್ತದೆ. ಅದಕ್ಕೆ ಅವರು ಆಂಟಿಫ್ರೀಜ್ ಎಂಬ ದ್ರವ ಹಾಕುತ್ತಾರೆ, ದೋಣಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಗಾಳಿಯಿಂದ ಮೈಗೆ ಅಂಟುವಂತೆ ಸುತ್ತುತ್ತಾರೆ. ಅವರಿಂದ ನಾವು ಕಲಿಯಬೇಕಾದ್ದು ಎರಡು: ಭಾರವನ್ನು ತಳದ ನಡುವಿನ ಮೇಲೆ ಕೂರಿಸುವುದು, ಹೊದಿಕೆಗೆ ಕಡಿದಾದ ಇಳಿಜಾರು ಕೊಡುವುದು. ಸುತ್ತಿ ಬಿಗಿಯುವುದನ್ನು ಮಾತ್ರ ಕಲಿಯಬೇಡಿ. ನಮ್ಮ ಮಳೆಗಾಲದ ಸೆಕೆ, ತೇವಗಳಲ್ಲಿ ಗಾಳಿಯಾಡದ ದೋಣಿಗೆ ಹದಿನೈದೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ.

ಕೆಲವು ಶಬ್ದಗಳು

ಮುಂದೆ ಪದೇ ಪದೇ ಬರುವುದರಿಂದ ಇವನ್ನು ತಿಳಿದುಕೊಂಡಿರಿ. ಕೀಲ್ ಅಂದರೆ ದೋಣಿಯ ತಳದಲ್ಲಿ ಮೂತಿಯಿಂದ ಹಿಂಬದಿಯವರೆಗೆ ಬೆನ್ನೆಲುಬಿನಂತೆ ಹೋಗುವ ಗಟ್ಟಿ ಉಬ್ಬು. ಟ್ರಾನ್ಸಮ್ ಅಂದರೆ ಎಂಜಿನ್ ಕೂರಿಸುವ ಹಿಂಬದಿಯ ನೆಟ್ಟನೆ ಹಲಗೆ. ಹೊರಗೆ ಫೈಬರ್ ಕಂಡರೂ ಎಷ್ಟೋ ದೋಣಿಗಳಲ್ಲಿ ಅದರೊಳಗೆ ಪ್ಲೈವುಡ್ ಇರುತ್ತದೆ. ಜೆಲ್‌ಕೋಟ್ ಅಂದರೆ ಫೈಬರಿನ ಮೇಲಿನ ನುಣುಪಾದ ಬಣ್ಣದ ಪದರ. ಒಳಗಿನ ನೂಲಿಗೆ ನೀರು ತಾಗದಂತೆ ಕಾಯುವ ಚರ್ಮ ಅದೇ. ಬಿರಡೆ ಎಂದರೆ ಹಿಂಬದಿಯ ತಳದಲ್ಲಿ ನೀರು ಬಿಡಲು ಇರುವ ತೂತಿನ ಮುಚ್ಚಳ.

ಬೇಕಾಗುವ ಸಾಮಾನು

18 ಅಡಿ ಉದ್ದ, 12 ಅಡಿ ಅಗಲದ ಒಳ್ಳೆ ತಾಡಪತ್ರಿ. 4 ಇಂಚು ದಪ್ಪ, 3 ಅಡಿ ಉದ್ದದ ಜಾಲಿ ಅಥವಾ ಬೇವಿನ ಮೂರು ತೊಲೆಗಳು. ಅವುಗಳ ಕೆಳಗೆ ಹಾಕಲು ಹಾಸುಗಲ್ಲು, ಸೈಜುಗಲ್ಲು. ಬೇಕಾದದ್ದಕ್ಕಿಂತ ಎರಡು ಬುಟ್ಟಿ ಹೆಚ್ಚೇ ಗರಸು. ನಾಲ್ಕು ಹಳೆ ಟೈರು, ಲಾರಿಯ ಒಂದು ಹಳೆ ಟ್ಯೂಬು. ಒಂದು ಉದ್ದನೆ ಬಿದಿರಿನ ಗಳ, ಕಮಾನು ಬಾಗಿಸಲು ಬಿದಿರಿನ ದಬ್ಬೆಗಳು. ಹಗ್ಗ, ಗೂಟ, ಒಂದು ಹರಿದ ಮೀನುಬಲೆ. ಬಲೆ ಯಾಕೆ ಎನ್ನುವುದು ಮುಂದೆ ಬರುತ್ತದೆ.

ತಾಡಪತ್ರಿಯಲ್ಲಿ ದುಡ್ಡು ಉಳಿಸಬೇಡಿ. ಸಂತೆಯಲ್ಲಿ ಸಿಗುವ ತೆಳು ನೀಲಿ ಹಾಳೆ ಬಿಸಿಲಿಗೆ ಪುಡಿಪುಡಿಯಾಗಿ ಉದುರುತ್ತದೆ. ಕೊಳ್ಳುವಾಗ ಜಿ.ಎಸ್.ಎಂ. ಕೇಳಿ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ ಅದು. 200ಕ್ಕಿಂತ ಮೇಲಿರಲಿ. ಕಪ್ಪು ಹಾಳೆಯಲ್ಲಿರುವ ಇಂಗಾಲದ ಪುಡಿ ಬಿಸಿಲನ್ನು ತಡೆಯುತ್ತದೆ, ಅದಕ್ಕೇ ಕಪ್ಪು ಹೆಚ್ಚು ಬಾಳುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ರೈತರಿಗೆ ಸಹಾಯಧನದಲ್ಲಿ ಕೊಡುವ ತಾಡಪತ್ರಿ ನಿಮ್ಮ ಮನೆಯಲ್ಲಿದ್ದರೆ ಅದೂ ನಡೆಯುತ್ತದೆ. ಆದರೆ ಸುಗ್ಗಿಗೆ ರಾಶಿ ಮುಚ್ಚಲು ಅದನ್ನು ಕಿತ್ತೊಯ್ಯುವಂತಿದ್ದರೆ ಬೇರೆಯದೇ ತನ್ನಿ. ಗೋವಿನಜೋಳದ ರಾಶಿ ಮಾಡುವ ಹೊತ್ತಿಗೆ ದೋಣಿ ಬತ್ತಲೆಯಾಗಿ ಮಳೆಯಲ್ಲಿ ನಿಲ್ಲುವುದನ್ನು ಬಹಳ ಕಡೆ ನೋಡಿದ್ದೇನೆ.

1. ಜಾಗ ಆರಿಸುವುದು

ಹೊಳೆ ದಡದವರು ಮೊದಲು ಊರಿನ ಹಿರಿಯರನ್ನು ಕೇಳಿ: 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರಿನ ಮನೆಗಳಿಗೆ ನುಗ್ಗಿದ ವರ್ಷ ಅದು. ವರದಾ ದಡದ ಹಳ್ಳಿಗಳೂ ಅದನ್ನು ಮರೆತಿಲ್ಲ. ಆ ಗುರುತಿಗಿಂತ ಮೇಲೆ ದೋಣಿ ಇಡಿ.

ನಮ್ಮೂರಲ್ಲಿ ಮಳೆ ಇಲ್ಲ, ಹೊಳೆ ಏರುವುದಿಲ್ಲ ಎಂದು ನಂಬಿ ಕೂರಬೇಡಿ. ವರದಾ ತುಂಬುವುದು ಸಾಗರ, ಸೊರಬ, ಬನವಾಸಿ ಕಡೆಯ ಮಳೆಗೆ. ತುಂಗೆಯ ಗಾಜನೂರು ಅಣೆಕಟ್ಟು ಚಿಕ್ಕದು, ಮಲೆನಾಡಿನಲ್ಲಿ ಮಳೆ ಹಿಡಿದ ಕೂಡಲೇ ತುಂಬಿ ನೀರು ಕೆಳಗೆ ಬರುತ್ತದೆ. ಗಳಗನಾಥದಲ್ಲಿ ವರದಾ ತುಂಗಭದ್ರೆಯನ್ನು ಸೇರುವುದರಿಂದ ಅದರ ಕೆಳಗಿನವರಿಗೆ ಎರಡೂ ಕಡೆಯ ನೀರು. ಮಲಪ್ರಭಾ ದಡದವರು ನವಿಲುತೀರ್ಥ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಎನ್ನುವ ಸುದ್ದಿಗೆ ಕಿವಿಗೊಟ್ಟಿರಬೇಕು. ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುವಾಗಲೇ ದಡದ ದೋಣಿ ತೇಲಿಹೋದದ್ದಿದೆ.

ಕೆರೆಯವರು ಕೋಡಿಯ ನೀರು ಹರಿಯುವ ದಾರಿಯನ್ನು ಬಿಡಿ. ಕೆರೆ ಪೂರ್ತಿ ತುಂಬಿದಾಗ ನೀರು ಎಲ್ಲಿಗೆ ಬರುತ್ತದೆಂದು ಹುಲ್ಲಿನ ಗೆರೆ ನೋಡಿದರೆ ತಿಳಿಯುತ್ತದೆ.

ಇನ್ನು ನೆರಳಿನ ಆಸೆಗೆ ಮರದ ಕೆಳಗೆ ಇಡುವವರು ಬಹಳ. ಹುಣಸೆಮರದ ಕೆಳಗೆ ಖಂಡಿತ ಬೇಡ. ಅದರ ಸಣ್ಣ ಎಲೆ ಸೇರಿಕೊಂಡು ಬಿರಡೆಯ ತೂತನ್ನು ಮುಚ್ಚಿಬಿಡುತ್ತದೆ, ಮೇಲಿಂದ ಮಂಗಗಳು ತಾಡಪತ್ರಿಯ ಮೇಲೆ ಹಾರುತ್ತವೆ. ನೀಲಗಿರಿಯ ಟೊಂಗೆ ಆಷಾಢದ ಗಾಳಿಗೆ ಮುರಿದು ಬೀಳುತ್ತದೆ. ಮನೆಯ ಅಥವಾ ದನದ ಕೊಟ್ಟಿಗೆಯ ಮೂಡಣ ಬದಿ ಸಿಕ್ಕರೆ ಅದೇ ಒಳ್ಳೆಯದು. ಪಡುವಣ ಗಾಳಿಗೆ ಗೋಡೆಯೇ ಅಡ್ಡ ನಿಲ್ಲುತ್ತದೆ. ಆದರೆ ಸೂರಿನ ನೀರು ದೋಣಿಯ ಮೇಲೆ ಸುರಿಯದಷ್ಟು ದೂರ ಇರಲಿ.

ಬಟಾಬಯಲಾದರೆ ದೋಣಿಯ ಮೂತಿಯನ್ನು ಪಡುವಣಕ್ಕೆ ಮಾಡಿ. ಮುಂಗಾರಿನ ಗಾಳಿ ನಮ್ಮಲ್ಲಿ ಪಡುವಣ, ನೈಋತ್ಯದಿಂದ ಬೀಸುತ್ತದೆ. ಗದಗಿನ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ದೋಣಿಯನ್ನು ಅಡ್ಡ ಇಟ್ಟರೆ ಇಡೀ 14 ಅಡಿ ಹೊದಿಕೆ ಹಾಯಿಯಂತೆ ಗಾಳಿ ತುಂಬಿಕೊಳ್ಳುತ್ತದೆ.

2. ತೊಳೆದು, ಒಣಗಿಸಿ, ಬಡಿದು ನೋಡುವುದು

ತಳದ ಹಲಗೆಗಳನ್ನು ಎತ್ತಿ ತೆಗೆಯಿರಿ. ಕೆಸರು, ಮೀನಿನ ಹುರುಪೆ, ಹಳೆ ಎರೆ ಎಲ್ಲವನ್ನೂ ಸೋಪಿನ ನೀರಿನಿಂದ ತಿಕ್ಕಿ ತೊಳೆಯಿರಿ. ಮೀನಿನ ವಾಸನೆ ಉಳಿದರೆ ಹೆಗ್ಗಣ, ಇರುವೆ, ನಾಯಿ ಎಲ್ಲ ಬರುತ್ತವೆ. ಹೆಗ್ಗಣ ಬಂದ ಮೇಲೆ ಅದರ ಹಿಂದೆ ಹಾವು ಬರುತ್ತದೆ. ಮೂತಿಯಲ್ಲೂ ಹಿಂಬದಿಯಲ್ಲೂ ಇರುವ ತೇಲುಪೆಟ್ಟಿಗೆಗಳ, ಅಂದರೆ ದೋಣಿ ಮಗುಚಿದರೂ ಮುಳುಗದಂತೆ ಇರುವ ಮುಚ್ಚಿದ ಖಾನೆಗಳ, ಮುಚ್ಚಳ ಬಿಚ್ಚಿ ಒಳಗೆ ಕೈ ಹಾಕಿ ನೋಡಿ. ತೇವವಿದ್ದರೆ ಬಟ್ಟೆಯಿಂದ ಒರೆಸಿ ಮುಚ್ಚಳ ತೆರೆದೇ ಇಡಿ. ಎರಡು ಮೂರು ದಿನ ಒಳ್ಳೆ ಬಿಸಿಲು ತಾಗಲಿ. ಅದಕ್ಕೇ ಈ ಕೆಲಸ ಮಿರಗ (ಮೃಗಶಿರಾ ಮಳೆ) ಕೂಡುವ ಮುನ್ನ, ಜೂನ್ ಮೊದಲ ವಾರದೊಳಗೆ ಮುಗಿಯಬೇಕು.

ಒಣಗಿದ ಮೇಲೆ ಒಂದು ಐದು ರೂಪಾಯಿ ನಾಣ್ಯ ತೆಗೆದುಕೊಂಡು ತಳವನ್ನೆಲ್ಲ ಗೇಣು ಗೇಣಿಗೆ ಬಡಿಯುತ್ತ ಹೋಗಿ. ಗಟ್ಟಿ ಫೈಬರ್ "ಟಣ್ ಟಣ್" ಎನ್ನುತ್ತದೆ. ಪದರ ಬಿಟ್ಟ ಕಡೆ, ಒಳಗೆ ನೀರು ಸೇರಿದ ಕಡೆ ದನಿ ಸತ್ತು "ದಬ್ ದಬ್" ಎನ್ನುತ್ತದೆ. ಅಂಥಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಜೇಡರ ಬಲೆಯಂತೆ ಕೂದಲೆಳೆ ಸೀಳು ಕಂಡಲ್ಲೂ ಗುರುತು ಮಾಡಿ. ಅದು ಯಾವುದೋ ಒಂದು ಕಡೆಯಿಂದ ಒತ್ತಡ ಬಿದ್ದದ್ದರ ಗುರುತು. ಟ್ರಾನ್ಸಮ್ಮಿನಲ್ಲಿ ಎಂಜಿನ್ ಬೋಲ್ಟಿನ ತೂತುಗಳ ಸುತ್ತ ಇನ್ನೂ ಚೆನ್ನಾಗಿ ಬಡಿದು ನೋಡಿ. ಆ ತೂತುಗಳಿಂದ ಇಳಿದ ನೀರು ಒಳಗಿನ ಪ್ಲೈವುಡ್ಡನ್ನು ಸದ್ದಿಲ್ಲದೆ ಕೊಳೆಸುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ರಿಪೇರಿಯನ್ನು ಮಳೆಗಾಲ ಮುಗಿದ ಮೇಲೆ ನೋಡೋಣ ಎನ್ನುವುದು. ತೇವ ಕುಡಿದ ಫೈಬರಿಗೆ ಹೊಸ ರೆಸಿನ್, ಅಂದರೆ ನೂಲನ್ನು ಗಟ್ಟಿಯಾಗಿ ಹಿಡಿಸುವ ಅಂಟು, ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ಬಿಡುತ್ತದೆ. ಬೇಸಿಗೆಯ ಒಣ ಬಿಸಿಲೇ ಅದಕ್ಕೆ ಸರಿಯಾದ ಕಾಲ. ಸಮಯ ಸಿಗದಿದ್ದರೆ ಸೀಳಿನ ಮೇಲೆ ಎಂಸೀಲ್ ಬಳಿದು ಮುಚ್ಚಬೇಡಿ. ನೀರು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗೇ ತೆರೆದು ಒಣಗಲು ಬಿಡಿ.

3. ಎಂಜಿನ್

ಹುಟ್ಟು ಹಾಕುವವರು ಇದನ್ನು ಬಿಟ್ಟು ಮುಂದೆ ಹೋಗಿ. ಎಂಜಿನ್ ಇದ್ದವರು ಬಿಚ್ಚಿ ಮನೆಯೊಳಗೆ ನೆಟ್ಟಗೆ ನಿಲ್ಲಿಸಿ, ಒಳಗಿನ ನೀರು ತಾನೇ ಇಳಿದುಹೋಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲು ಹೋಗಿ ನೀರು ಸೇರಿದೆ ಎಂದರ್ಥ, ಮೆಕ್ಯಾನಿಕ್ಕಿಗೆ ತೋರಿಸಿ. ಎಂಜಿನ್ನನ್ನು ದೋಣಿಯ ಮೇಲೇ ಬಿಟ್ಟರೆ ಅದರ ಭಾರವೆಲ್ಲ ಟ್ರಾನ್ಸಮ್ಮಿಗೆ, ಕಳ್ಳರ ಕಣ್ಣೂ ಅದಕ್ಕೇ.

4. ನೆಲ ಸಿದ್ಧ ಮಾಡುವುದು

ನಮ್ಮ ಸೀಮೆಯಲ್ಲಿ ಇದು ಎಲ್ಲಕ್ಕಿಂತ ಮುಖ್ಯ, ವಿಡಿಯೊಗಳಲ್ಲಿ ಯಾರೂ ಹೇಳದ್ದೂ ಇದೇ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತಿದ್ದ ನೆಲ ಜುಲೈನಲ್ಲಿ ಮೊಣಕಾಲುದ್ದ ಕೆಸರು. ಅದರ ಮೇಲೆ ನೇರವಾಗಿ ಇಟ್ಟ ಮೂರು ಆಧಾರಗಳಲ್ಲಿ ಒಂದು ಇಳಿದರೂ ದೋಣಿಯ ಭಾರ ಉಳಿದೆರಡರ ಮೇಲೆ ಬಿದ್ದು ತಳ ತಿರುಚಿಕೊಳ್ಳುತ್ತದೆ.

ಆಧಾರ ಇಡುವ ಮೂರೂ ಕಡೆ ಎರಡು ಅಡಿ ಚೌಕ, ಮುಕ್ಕಾಲು ಅಡಿ ಆಳ ತೆಗೆಯಿರಿ. ಗರಸು ತುಂಬಿ, ನೀರು ಚಿಮುಕಿಸಿ, ದಮ್ಮಸು ಮಾಡಿ. ನೆಲಮಟ್ಟಕ್ಕಿಂತ ಎರಡಿಂಚು ಮೇಲೇ ಇರಲಿ. ಅದರ ಮೇಲೆ ಹಾಸುಗಲ್ಲು ಕೂರಿಸಿ. ಹಾಸುಗಲ್ಲು ಅಗಲವಾದಷ್ಟೂ ಭಾರ ಹರಡಿ ಇಳಿಯುವುದು ಕಡಿಮೆ. ಸುತ್ತ ಗೇಣು ಆಳದ ಕಾಲುವೆ ತೆಗೆದು ನೀರು ಹೊರಗೆ ಹೋಗುವಂತೆ ಮಾಡಿ. ಮಸಾರಿ (ಕೆಂಪು ಮಣ್ಣಿನ) ನೆಲದವರಿಗೆ, ಕಲ್ಲುನೆಲದವರಿಗೆ ಇಷ್ಟು ಕಷ್ಟವಿಲ್ಲ, ಮಟ್ಟ ಮಾಡಿ ಹಾಸುಗಲ್ಲು ಇಟ್ಟರೆ ಸಾಕು.

5. ಆಧಾರದ ಮೇಲೆ ಕೂರಿಸುವುದು

ಇಂಥ ದೋಣಿ ಸುಮಾರು ಒಂದೂವರೆಯಿಂದ ಎರಡು ಕ್ವಿಂಟಲ್ ತೂಗುತ್ತದೆ. ಆರು ಮಂದಿ ಕರೆಯಿರಿ. ಮೇಲಂಚು ಹಿಡಿದು ಎತ್ತಿ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗರಸಿನ ಮೇಲೆ ಎಳೆಯುವುದನ್ನು ದಯವಿಟ್ಟು ಮಾಡಬೇಡಿ. ಎಳೆಯಲೇಬೇಕಾದರೆ ಕೆಳಗೆ ದುಂಡು ಗಳಗಳನ್ನು ಉರುಳಿಸುತ್ತ ತನ್ನಿ.

ಹಾಸುಗಲ್ಲಿನ ಮೇಲೆ ಸೈಜುಗಲ್ಲು, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಲಾರಿ ಟ್ಯೂಬಿನ ತುಂಡು, ಅದರ ಮೇಲೆ ಕೀಲ್. ಕ್ರಮ ಇದು. ಕಲ್ಲು ಫೈಬರಿಗೆ ನೇರವಾಗಿ ತಾಗಬಾರದು. ಟ್ಯೂಬಿನ ಬದಲು ಗೋಣಿತಟ್ಟು ಹಾಕುವವರಿದ್ದಾರೆ, ಅದು ನಾಲ್ಕು ತಿಂಗಳೂ ಹಸಿಯಾಗಿದ್ದು ಜೆಲ್‌ಕೋಟಿನಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಟ್ಯೂಬಿನಿಂದ ಕಪ್ಪು ಕಲೆ ಬೀಳಬಹುದು, ಬೀಳಲಿ. ಟೊಳ್ಳು ಸಿಮೆಂಟ್ ಬ್ಲಾಕ್ ಬಳಸುವಿರಾದರೆ ತೂತು ಮೇಲೆ ಕೆಳಗೆ ಇರುವಂತೆ ನಿಲ್ಲಿಸಿ. ಮಲಗಿಸಿದರೆ ಒಡೆಯುತ್ತದೆ. ಮಾವಿನ ತೊಲೆ ಬೇಡ, ಗೆದ್ದಲು ಎರಡು ತಿಂಗಳಲ್ಲಿ ಹುಡಿ ಮಾಡುತ್ತದೆ. ಜಾಲಿ, ಬೇವು ತಾಳುತ್ತವೆ.

ಮೂರು ಆಧಾರಗಳ ಜಾಗ ಹೀಗೆ: ಮೊದಲನೆಯದು ಮೂತಿಯಿಂದ ಸುಮಾರು ಮೂರಡಿ ಹಿಂದೆ, ಕೀಲ್ ನೆಟ್ಟಗಾಗುವಲ್ಲಿ. ಎರಡನೆಯದು ನಡುವೆ, ಒಳಗೆ ಕೂರುವ ಅಡ್ಡಹಲಗೆ ಇರುವ ನೇರಕ್ಕೆ. ಮೂರನೆಯದು ಟ್ರಾನ್ಸಮ್ಮಿನ ಬುಡದಲ್ಲೇ. ಮೂರನೆಯದನ್ನು ಎರಡಡಿ ಮುಂದಕ್ಕೆ ಇಟ್ಟರೆ ಹಿಂಬದಿ ತೂಗಾಡಿ, ತಳ ಹಿಂದಕ್ಕೆ ಜೋತು ಬೀಳುತ್ತದೆ. ಈ ಬಾಗು ಒಮ್ಮೆ ಬಂದರೆ ಹೋಗುವುದಿಲ್ಲ, ಮುಂದೆ ದೋಣಿ ನೀರಿನಲ್ಲಿ ಸರಿಯಾಗಿ ಓಡುವುದಿಲ್ಲ.

ಎತ್ತರ ನೆಲದಿಂದ ಒಂದೂವರೆ ಅಡಿ ಇರಲಿ. ಬಗ್ಗಿ ನೋಡಿದರೆ ಆಚೆ ಬದಿ ಕಾಣಬೇಕು, ಕಸಬರಿಗೆ ಆಡಬೇಕು. ಅದಕ್ಕಿಂತ ಎತ್ತರಿಸಿದರೆ ಗಾಳಿಗೆ ಓಲಾಡುತ್ತದೆ.

ಮೂತಿಯ ಕಡೆ ಐದಾರು ಇಂಚು ಎತ್ತರಿಸಿ, ಗೌಂಡಿಗಳು ಬಳಸುವ ನೀರಿನ ಪೈಪಿನಿಂದ ಮಟ್ಟ ನೋಡಿಕೊಳ್ಳಿ. ಹೊದಿಕೆ ಹರಿದು ನೀರು ಒಳಗೆ ಬಂದರೂ ಹಿಂದಕ್ಕೆ ಹರಿದು ಬಿರಡೆಯ ತೂತಿನಿಂದ ಹೊರಬೀಳಬೇಕು. ಬಿರಡೆ ಈಗಲೇ ಬಿಚ್ಚಿ, ಕೆಂಪು ದಾರದಿಂದ ಮುಂದಿನ ಅಡ್ಡಹಲಗೆಗೆ ಕಟ್ಟಿ. ಜೇಬಿನಲ್ಲಿ ಹಾಕಿಕೊಂಡರೆ ಕಳೆದುಹೋಯಿತೆಂದೇ ಲೆಕ್ಕ. ತೂತಿಗೆ ಸೊಳ್ಳೆಪರದೆಯ ತುಂಡು ಅಂಟಿಸಿದರೆ ಕಣಜ ಗೂಡು ಕಟ್ಟುವುದಿಲ್ಲ.

ಬಿರಡೆ ತೆಗೆಯದಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕಿ. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ದೋಣಿಯ ಬಾಯಿ ಸುಮಾರು 4.4 ಚದರ ಮೀಟರ್. ಒಟ್ಟು 100 ಮಿಲಿಮೀಟರ್ ಮಳೆ ಒಳಗೆ ಬಿದ್ದು ನಿಂತರೆ 440 ಲೀಟರ್, ಎಂದರೆ ನಾಲ್ಕು ಕ್ವಿಂಟಲ್ ದಾಟಿದ ಭಾರ. ದೋಣಿಯ ತೂಕದ ಎರಡರಷ್ಟಕ್ಕೂ ಹೆಚ್ಚು! ನೀರಿನಲ್ಲಿದ್ದಾಗ ಹೊಳೆ ಎಲ್ಲ ಕಡೆಯಿಂದಲೂ ಸಮನಾಗಿ ಹೊತ್ತುಕೊಳ್ಳುತ್ತದೆ. ದಡದಲ್ಲಿ ಅಷ್ಟೂ ಭಾರ ಮೂರು ತೊಲೆಗಳ ಮೇಲೆ. ತುಂಗಭದ್ರಾ ದಡದಿಂದ ಒಮ್ಮೆ ಬಂದ ದೋಣಿಯ ತಳದಲ್ಲಿ ಮುಷ್ಟಿಗಾತ್ರದ ತಗ್ಗು ಬಿದ್ದಿತ್ತು. ಕೆಳಗೆ ಇಟ್ಟಿದ್ದ ಗುಂಡುಕಲ್ಲಿನ ಅಚ್ಚು ಅದು, ಸುತ್ತಲೂ ಸೀಳು ಸೂರ್ಯನ ಕಿರಣದಂತೆ ಹರಡಿತ್ತು. ನಿಂತ ನೀರಿನ ಇನ್ನೊಂದು ಕೇಡು ಸೊಳ್ಳೆ. ಹತ್ತು ದಿನ ಸಾಕು, ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವವರೆಗೆ ಅದರಲ್ಲೇ ಬೆಳೆಯುತ್ತದೆ. ನಿಮ್ಮ ಮನೆಯ ಮಕ್ಕಳು ಅಲ್ಲೇ ಆಡುತ್ತಿರುತ್ತವೆ.

ಕೊನೆಗೆ ಎರಡೂ ಮಗ್ಗುಲಿಗೆ ಟೈರುಗಳನ್ನು ಪೇರಿಸಿ ಒತ್ತಾಗಿ ನಿಲ್ಲಿಸಿ. ಇವುಗಳ ಕೆಲಸ ದೋಣಿ ವಾಲದಂತೆ ತಡೆಯುವುದು ಮಾತ್ರ, ಭಾರ ಹೊರುವುದಲ್ಲ. ಭಾರವೆಲ್ಲ ಕೀಲಿನ ಮೇಲೆ ಇರಬೇಕು. ಪರೀಕ್ಷೆ ಸುಲಭ: ಟೈರನ್ನು ಕಾಲಿನಿಂದ ಒದ್ದರೆ ಸ್ವಲ್ಪ ಅಲುಗಬೇಕು. ಅಲುಗದಿದ್ದರೆ ದೋಣಿ ಅದರ ಮೇಲೆ ಕೂತಿದೆ, ತಳದ ತೆಳುಭಾಗ ಒತ್ತಿಕೊಳ್ಳುತ್ತಿದೆ.

ಮಗುಚಿ ಇಡಬಹುದೇ? 10-11 ಅಡಿಯ ಹಗುರ ದೋಣಿಯಾದರೆ ಮಗುಚಿ ಇಡುವುದೇ ಲೇಸು ಎನ್ನುತ್ತೇನೆ. ಎರಡು ತೊಲೆಗಳ ಮೇಲೆ ಮೇಲಂಚು ಕೂರುವಂತೆ, ನೆಲದಿಂದ ಒಂದಡಿ ಮೇಲೆ ಇಟ್ಟು ಹಗ್ಗದಿಂದ ಗೂಟಕ್ಕೆ ಬಿಗಿಯಿರಿ. ಮಳೆನೀರಿನ ಚಿಂತೆಯೇ ಇಲ್ಲ. ತಳಕ್ಕೆ ಬಿಸಿಲು ಬೀಳದಂತೆ ಮೇಲೊಂದು ಹೊದಿಕೆ ಸಾಕು.

6. ಕಮಾನು ಮತ್ತು ಹೊದಿಕೆ

ತಾಡಪತ್ರಿಯನ್ನು ದೋಣಿಯ ಬಾಯಿಗೆ ನೇರವಾಗಿ ಎಳೆದು ಕಟ್ಟಿದರೆ ಮೊದಲ ಮಳೆಗೇ ನಡುವೆ ಜೋಲಿ ಬೀಳುತ್ತದೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜೋಲಿಯಲ್ಲಿ ಗೇಣು ನೀರು ನಿಂತರೆ ಅದೇ ಮೂರು ಕ್ವಿಂಟಲ್ ಹತ್ತಿರ. ಹಾಳೆ ಹರಿಯುತ್ತದೆ, ಇಲ್ಲವೇ ಮೇಲಂಚು ಒಳಕ್ಕೆ ಬಾಗುತ್ತದೆ. ಆದ್ದರಿಂದ ಮಾಳಿಗೆಯಂತೆ ಅಲ್ಲ, ಗುಡಿಸಲಿನಂತೆ ಇರಬೇಕು.

ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಕೊಲ್ಲಾರಿ ಬಂಡಿಗೆ ಕಮಾನು ಕಟ್ಟುವುದು ನೋಡಿದ್ದೀರಲ್ಲ, ಹಾಗೆಯೇ. ಬಿದಿರಿನ ದಬ್ಬೆ ಬಾಗಿಸಿ ಎರಡೂ ತುದಿಯನ್ನು ದೋಣಿಯ ಒಳ ಅಂಚಿಗೆ ಸಿಕ್ಕಿಸಿ. ಎರಡೂವರೆ ಅಡಿಗೆ ಒಂದರಂತೆ ಐದು ಕಮಾನು. ಅವುಗಳ ನೆತ್ತಿಯ ಮೇಲೆ ಉದ್ದಕ್ಕೆ ಒಂದು ಗಳ ಕಟ್ಟಿ. ಈ ಗಳ ಮೇಲಂಚಿಗಿಂತ ಎರಡೂವರೆ ಅಡಿ ಮೇಲಿದ್ದರೆ ಎರಡೂ ಬದಿಗೆ ಒಳ್ಳೆ ಇಳಿಜಾರು ಸಿಗುತ್ತದೆ. ಗಳಕ್ಕೆ ಭಾರ ಬೀಳದಂತೆ ನಡುವೆ ಎರಡು ಕವಲುಗೋಲು ನಿಲ್ಲಿಸಿ. ಅವುಗಳ ಬುಡಕ್ಕೆ ಹಳೆ ಚಪ್ಪಲಿಯ ತುಂಡು ಕಟ್ಟಿ ಹಲಗೆಯ ಮೇಲೆ ಊರಿ, ಫೈಬರಿನ ಮೇಲೆ ಬೇಡ. ದಬ್ಬೆಯ ಮೊನಚು, ಗಳದ ತುದಿ, ತಂತಿಯ ಗಂಟು ಇವಕ್ಕೆಲ್ಲ ಚಿಂದಿ ಸುತ್ತಿ. ತಾಡಪತ್ರಿ ಹರಿಯುವುದು ಯಾವಾಗಲೂ ಇಂಥ ಒಂದು ಮೊನಚಿನಿಂದಲೇ. ದೋಣಿಗೆ ಮೊಳೆ ಹೊಡೆಯಬೇಡಿ, ತೂತು ಕೊರೆಯಬೇಡಿ.

ತಾಡಪತ್ರಿ ಹೊಚ್ಚಿ. ಮಗ್ಗುಲಲ್ಲಿ ಮೇಲಂಚಿನಿಂದ ಒಂದೂವರೆ ಅಡಿ ಕೆಳಗೆ ಇಳಿದಿರಲಿ, ನೆಲ ಮುಟ್ಟಬಾರದು. ಮೂತಿಯ ಕಡೆ, ಹಿಂಬದಿಯ ಕಡೆ ನೆತ್ತಿಯ ಕೆಳಗೆ ಗೇಣಗಲ ಸಂದು ಬಿಟ್ಟು ಸೊಳ್ಳೆಪರದೆ ಹೊಲಿಯಿರಿ. ಪಡುವಣದ ಸಂದಿಗೆ ಎರಚಲು ಹೊಡೆಯದಂತೆ ಒಂದು ತುಂಡು ಹಾಳೆಯನ್ನು ಟೋಪಿಯಂತೆ ಇಳಿಬಿಡಿ. ಬಿಸಿ ತೇವದ ಗಾಳಿ ಮೇಲಿನಿಂದ ಹೊರಹೋಗಬೇಕು, ಕೆಳಗಿನಿಂದ ಒಣ ಗಾಳಿ ಬರಬೇಕು. ಇಷ್ಟು ಮಾಡಿದರೆ ಬೂಷ್ಟಿನ ಮಾತೇ ಇಲ್ಲ.

7. ಕಟ್ಟುವುದು

ಇಲ್ಲಿ ಒಂದೇ ನಿಯಮವನ್ನು ನೆನಪಿಡಿ: ಹೊದಿಕೆಯ ಹಗ್ಗವನ್ನು ದೋಣಿಯ ಆಧಾರಕ್ಕೆ ಎಂದೂ ಕಟ್ಟಬೇಡಿ. ಗಾಳಿಗೆ ತಾಡಪತ್ರಿ ಪಟಪಟ ಬಡಿದಾಗಲೆಲ್ಲ ಹಗ್ಗ ಕಲ್ಲನ್ನೋ ಟೈರನ್ನೋ ಒಂದೊಂದು ಎಳೆ ಸರಿಸುತ್ತ ಹೋಗುತ್ತದೆ, ಒಂದು ರಾತ್ರಿ ದೋಣಿ ಮಗ್ಗುಲಾಗುತ್ತದೆ. ಹಗ್ಗವನ್ನು ಒಂದು ಬದಿಯಿಂದ ತಳದ ಕೆಳಗೆ ಹಾಯಿಸಿ ತಾಡಪತ್ರಿಯ ಆಚೆ ಬದಿಯ ಕಣ್ಣಿಗೆ (ಅಂಚಿನಲ್ಲಿ ಹಗ್ಗ ಪೋಣಿಸುವ ತೂತಿಗೆ) ಕಟ್ಟಿ, ಅಥವಾ ನೆಲದ ಗೂಟಕ್ಕೆ ಕಟ್ಟಿ.

ಪ್ರತಿ ಹಗ್ಗದ ಕೊನೆಗೆ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಸೇರಿಸಿ. ಗಾಳಿ ಬಂದಾಗ ಅದು ಹಿಗ್ಗಿ ಕುಗ್ಗಿ, ತಾಡಪತ್ರಿಯ ಕಣ್ಣು ಕಿತ್ತುಬರುವುದಿಲ್ಲ. ನೈಲಾನ್ ಹಗ್ಗ ನೆನೆದರೆ ಸಡಿಲಾಗುತ್ತದೆ, ಮೊದಲ ಮಳೆಯ ಮರುದಿನ ಮತ್ತೆ ಬಿಗಿಯಬೇಕು. ಗೂಟವನ್ನು ಎರೆಮಣ್ಣಿನಲ್ಲಿ ಎರಡಡಿ ಆಳಕ್ಕೆ, ತಲೆ ದೋಣಿಯಿಂದ ಹೊರಕ್ಕೆ ವಾಲಿಸಿ ಬಡಿಯಿರಿ.

ಈಗ ಹರಿದ ಬಲೆ. ಅದನ್ನು ಇಡೀ ಹೊದಿಕೆಯ ಮೇಲೆ ಹರಡಿ, ಅಂಚಿಗೆ ಮರಳು ತುಂಬಿದ ಚೀಲಗಳನ್ನು ಜೋತುಬಿಡಿ. ಬಲೆ ಗಾಳಿಯ ಎಳೆತವನ್ನು ನಾಲ್ಕು ಕಣ್ಣುಗಳ ಮೇಲೆ ಬಿಡದೆ ಇಡೀ ಹಾಳೆಗೆ ಹಂಚುತ್ತದೆ, ಪಟಪಟ ನಿಲ್ಲಿಸುತ್ತದೆ. ಆ ಬಡಿತ ನಿಲ್ಲಲೇಬೇಕು. ತಾಡಪತ್ರಿಯ ಅಂಚು ನಾಲ್ಕು ತಿಂಗಳು ದೋಣಿಯ ಮಗ್ಗುಲಿಗೆ ತಿಕ್ಕಿದರೆ ಮರಳುಕಾಗದ ಹಾಕಿದಂತೆ ಜೆಲ್‌ಕೋಟ್ ಸವೆದು ಒಳಗಿನ ನೂಲು ಕಾಣುತ್ತದೆ. ಚೀಲಗಳೂ ಫೈಬರಿಗೆ ತಾಗದಂತೆ ನೋಡಿಕೊಳ್ಳಿ.

8. ಹದಿನೈದು ದಿನಕ್ಕೊಮ್ಮೆ

ಮೊದಲ ದೊಡ್ಡ ಮಳೆಯ ಮರುದಿನ ತಪ್ಪದೆ ಹೋಗಿ. ತೊಲೆ ಇಳಿದಿದೆಯೇ, ಟೈರು ಅಲುಗುತ್ತದೆಯೇ, ಬಿರಡೆಯ ತೂತು ತೆರೆದಿದೆಯೇ ಎಂದು ನೋಡಿ. ಒಂದು ಕಡೆ ಇಳಿದಿದ್ದರೆ ನಾಲ್ಕು ಜನ ಹಿಡಿದು ಎತ್ತಿ ತೊಲೆಯ ಕೆಳಗೆ ಹಲಗೆ ಕೊಡಿ. ಜಾಕ್ ಹಾಕುವುದಾದರೆ ಕೀಲಿನ ಕೆಳಗೆ ಮರದ ತುಂಡು ಇಟ್ಟೇ ಹಾಕಿ. ಆಮೇಲೆ ಹದಿನೈದು ದಿನಕ್ಕೊಮ್ಮೆ, ಜೋರು ಗಾಳಿ ಬೀಸಿದಾಗಲೆಲ್ಲ. ಮಳೆ ಬಿಟ್ಟು ಹೊಳವಾದ ದಿನ ಹಿಂಬದಿಯ ಹಾಳೆ ಮಡಚಿ ಎರಡು ತಾಸು ಬಿಸಿಲು ಕೊಡಿ. ಆಡು ಹತ್ತದಂತೆ ಸುತ್ತ ಮುಳ್ಳು ಬಡಿಯಿರಿ. ತಾಡಪತ್ರಿಗೆ ಅವುಗಳ ಗೊರಸಿನಷ್ಟು ಕೆಟ್ಟದ್ದು ಬೇರಿಲ್ಲ.

ಹಿಂಗಾರಿಗೆ ಗಾಳಿ ಮೂಡಣಕ್ಕೆ ತಿರುಗುತ್ತದೆ. ಅಕ್ಟೋಬರ್ ನಂತರವೂ ದೋಣಿ ಅಲ್ಲೇ ಇರುವುದಾದರೆ ಟೋಪಿಯನ್ನು ಆ ಕಡೆಯ ಸಂದಿಗೂ ಹಾಕಿ.

ಹರಿಗೋಲು ಮತ್ತು ಮರದ ದೋಣಿ ಇದ್ದವರಿಗೆ

ಹರಿಗೋಲನ್ನು ಮಗುಚಿ, ನೆರಳಿನಲ್ಲಿ, ಕಲ್ಲುಗಳ ಮೇಲೆ ಎತ್ತರಿಸಿ ಇಡಿ. ಬಿಸಿಲಿಗೆ ತಳದ ಹಾಳೆಗೆ ಬಳಿದ ಡಾಂಬರು ಕರಗಿ ಹಾಳೆ ಹಾಳೆಗೆ ಅಂಟುತ್ತದೆ, ಆದ್ದರಿಂದ ಒಂದರ ಮೇಲೊಂದು ಪೇರಿಸಬೇಡಿ. ಕೊಟ್ಟಿಗೆಯ ತೊಲೆಗೆ ನೇತುಹಾಕಿದರೆ ಗೆದ್ದಲು ಮುಟ್ಟುವುದಿಲ್ಲ. ಮರದ ದೋಣಿಯನ್ನು ಫೈಬರಿನಂತೆ ಒಣಗಿಸಬಾರದು. ಪೂರ್ತಿ ಒಣಗಿದರೆ ಹಲಗೆ ಕುಗ್ಗಿ ಸಂದುಗಳು ಬಾಯಿ ಬಿಡುತ್ತವೆ. ಅದಕ್ಕೆ ನೆರಳು ಮುಖ್ಯ, ಬಿಸಿಲು ಬೇಡ.

9. ಬಿಚ್ಚುವ ದಿನ

ಶೀಗಿಹುಣ್ಣಿಮೆ ಕಳೆದು ಹೊಳೆ ಇಳಿದ ಮೇಲೆ ಬಿಚ್ಚುವಾಗ ಅವಸರ ಬೇಡ. ಬೂಟು ಹಾಕಿಕೊಂಡು, ಕೋಲಿನಿಂದ ನಾಲ್ಕೂ ಕಡೆ ಬಡಿದು, ಐದು ನಿಮಿಷ ನಿಂತು ಆಮೇಲೆ ಹಾಳೆ ಎತ್ತಿ. ಟೈರಿನ ಒಳಗೆ ಕೈ ಹಾಕಬೇಡಿ, ಹಾವು ತಣ್ಣಗೆ ಮಲಗುವ ಜಾಗ ಅದು. ಮೂತಿಯ ಒಳಗೆ ಕಣಜದ ಗೂಡು ಇದೆಯೇ ಎಂದು ದೂರದಿಂದ ಬ್ಯಾಟರಿ ಬಿಟ್ಟು ನೋಡಿ. ತಾಡಪತ್ರಿಯನ್ನು ಒಣಗಿಸಿ ಮಡಚಿ, ಇಲಿಯಿಂದ ಕಾಯಲು ನೇತುಹಾಕಿ. ಮತ್ತೊಮ್ಮೆ ನಾಣ್ಯ ತೆಗೆದುಕೊಂಡು ತಳವನ್ನೆಲ್ಲ ಬಡಿಯಿರಿ, ಜೂನ್‌ನಲ್ಲಿ ಎಳೆದ ಸೀಮೆಸುಣ್ಣದ ಗೆರೆಯನ್ನು ದಾಟಿ ದಬ್ ದಬ್ ದನಿ ಬಂದರೆ ನೀರಿಗೆ ಇಳಿಸುವ ಮುನ್ನ ರಿಪೇರಿಗೆ ತನ್ನಿ.

ಆಮೇಲೆ ಮುಂದಿನ ಅಡ್ಡಹಲಗೆಗೆ ಕಟ್ಟಿದ ಕೆಂಪು ದಾರ ಬಿಚ್ಚಿ, ಬಿರಡೆ ಹಾಕಿ, ಬಿಗಿಯಾಗಿದೆಯೇ ಎಂದು ಕೈಯಿಂದ ತಿರುಗಿಸಿ ನೋಡಿ. ಅದಾದ ಮೇಲೆಯೇ ಎತ್ತಲು ಆರು ಮಂದಿಯನ್ನು ಕರೆಯಿರಿ.